ಫೋನು ಸರಿಯಿದೆ, ಆ್ಯಪ್ ಒಲ್ಲೆನ್ನುತ್ತದೆ

ಗಲ್ಫ್‌ನಿಂದ ಮಗ ತಂದ ಫೋನು, ಹೊಸತೊಂದು ಬಂದೊಡನೆ ಅಪ್ಪನ ಕೈಗೆ, ಅಲ್ಲಿಂದ ಅಜ್ಜಿಯ ಕೈಗೆ ದಾಟುವುದು ಕಾಸರಗೋಡಿನ ಕಡೆ ಮಾಮೂಲು. ಬ್ಯಾಟರಿ ಬದಲಿಸಿದರೆ ಅದು ಇನ್ನೂ ಕೆಲವು ವರ್ಷ ಬಾಳುತ್ತದೆ. ಕೈಕೊಡುವುದು ಆ್ಯಪ್. ‘ನಿಮ್ಮ ಸಾಧನಕ್ಕೆ ಇದು ಹೊಂದುವುದಿಲ್ಲ’ ಎಂಬ ಸಾಲು ಕಂಡವರು ಫೋನೇ ಕೆಟ್ಟಿತೆಂದು ಪೇಟೆಯ ಮೊಬೈಲ್ ಅಂಗಡಿಗೆ ಒಯ್ಯುತ್ತಾರೆ. ಫೋನಿಗೆ ಏನೂ ಆಗಿರುವುದಿಲ್ಲ.

2008ರಲ್ಲಿ ಶುರುವಾದ ಆಂಡ್ರಾಯ್ಡ್‌ನ ಪ್ರತಿ ಆವೃತ್ತಿಗೂ ಎಪಿಐ ಎಂಬ ಒಂದು ಕ್ರಮಸಂಖ್ಯೆ ಇದೆ: 4.1ಕ್ಕೆ 16, 5.0ಕ್ಕೆ 21, 6.0ಕ್ಕೆ 23. ಆ್ಯಪ್ ಕಟ್ಟುವವರು ಈ ಲೆಕ್ಕದಲ್ಲೇ ಎರಡು ಅಂಕಿ ಬರೆಯಬೇಕು: ಮಿನ್ ಎಸ್‌ಡಿಕೆ, ಟಾರ್ಗೆಟ್ ಎಸ್‌ಡಿಕೆ. ಮಿನ್ ಎಂದರೆ ಕನಿಷ್ಠ, ಅದಕ್ಕಿಂತ ಹಳೆಯ ಆವೃತ್ತಿಯ ಫೋನಿಗೆ ಪ್ರವೇಶವಿಲ್ಲ. ಯಾವ ಆವೃತ್ತಿಯ ನಿಯಮಕ್ಕೆ ತಲೆಬಾಗಿ ಆ್ಯಪ್ ಬರೆದಿದ್ದೀರಿ ಎಂಬುದನ್ನು ಟಾರ್ಗೆಟ್ ಎಸ್‌ಡಿಕೆ ಹೇಳುತ್ತದೆ.

ಕನ್ನಡಿಗರ ಮಟ್ಟಿಗೆ ದೊಡ್ಡ ಗೆರೆ ಬಿದ್ದದ್ದು 2012ರಲ್ಲಿ. ಅದಕ್ಕೂ ಹಿಂದಿನ 2.3 ಜಿಂಜರ್‌ಬ್ರೆಡ್ ಫೋನಿಗೆ ಕನ್ನಡದ ಸಂದೇಶ ಬಂದರೆ ಕಾಣುತ್ತಿದ್ದದ್ದು ಸಾಲುಸಾಲು ಚೌಕ. ಒಪೆರಾ ಮಿನಿಯಲ್ಲಿ ಬಿಟ್‌ಮ್ಯಾಪ್ ಫಾಂಟಿನ ಆಯ್ಕೆ ಹುಡುಕಿ ಆನ್ ಮಾಡಿಕೊಂಡವರು ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದುತ್ತಿದ್ದರು. ಆ್ಯಪ್‌ನೊಳಗೇ ಫಾಂಟ್ ತುರುಕಿದರೂ ಆಗುತ್ತಿದ್ದದ್ದು ಅರ್ಧ ಕೆಲಸ. ಫಾಂಟ್ ಕೊಡುವುದು ಆಕಾರವನ್ನು. ಒತ್ತು ಕೆಳಗಿಳಿಸಿ ಗುಣಿತ ಕೂಡಿಸುವುದು ಫೋನಿನೊಳಗಿನ ಬೇರೆಯೇ ತಂತ್ರಾಂಶ. ಅದಿಲ್ಲದ ಕಡೆ ಬದಿಯಡ್ಕ ‘ಬದಿಯಡ್‌ಕ’ ಆಗುತ್ತಿತ್ತು, ಮಂಜೇಶ್ವರ ‘ಮಂಜೇಶ್‌ವರ’. ಬೇಸತ್ತವರು ಇಡೀ ಪುಟವನ್ನೇ ಚಿತ್ರ ಮಾಡಿ ಸೇರಿಸಿದರು. ಅದರಲ್ಲಿ ಹುಡುಕಲೂ ಆಗದು, ಕಾಪಿ ಮಾಡಲೂ ಆಗದು. 4.1 ಜೆಲ್ಲಿಬೀನ್ ಬಂದಾಗ ಕನ್ನಡ, ತೆಲುಗು, ಮಲಯಾಳ ಮೂರಕ್ಕೂ ಒಟ್ಟಿಗೇ ಬೆಂಬಲ ಸಿಕ್ಕಿತು. ಕನ್ನಡಕ್ಕೂ ಮಲಯಾಳಕ್ಕೂ ಒಂದೇ ದಿನ ನ್ಯಾಯ! ನಮ್ಮ ಜಿಲ್ಲೆಯ ಸರ್ಕಾರಿ ಫಾರಂಗಳಲ್ಲಿ ಅದನ್ನು ನಿರೀಕ್ಷಿಸುವ ಹಾಗಿಲ್ಲ. ಆದರೆ ಆ ನ್ಯಾಯವೂ ಹೊಸ ಫೋನು ಕೊಂಡವರಿಗಷ್ಟೇ. ಕೈಯಲ್ಲಿದ್ದ ಹಳತಕ್ಕೆ ಅಪ್‌ಡೇಟ್ ಬಂದದ್ದು ಅಪರೂಪ.

2015ರ 6.0 ಇನ್ನೊಂದು ತಿರುವು. ಕ್ಯಾಮೆರಾ, ಲೊಕೇಶನ್‌ಗಳ ಅನುಮತಿಯನ್ನು ಇನ್‌ಸ್ಟಾಲ್ ಮಾಡುವಾಗ ಒಟ್ಟಿಗೆ ಕೇಳುವ ಬದಲು ಬೇಕಾದಾಗ ಕೇಳಬೇಕಾಯಿತು. ಬಳಸುವವರಿಗೆ ಒಳ್ಳೆಯದೇ. ಬರೆಯುವವರು ಮಾತ್ರ ಒಂದೇ ಕೆಲಸಕ್ಕೆ ಹಳೆ ಆವೃತ್ತಿಗೊಂದು, ಹೊಸತಕ್ಕೊಂದು ಎಂದು ಎರಡು ದಾರಿ ಹಾಕಿ, ಎರಡನ್ನೂ ಪರೀಕ್ಷಿಸಬೇಕು. ಎಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ನಕಲಿ ಫೋನಿನಲ್ಲಿ ಓಡಿದ್ದು, ಮೆಮೊರಿ ತುಂಬಿ ತುಳುಕುವ ಹಳೆ ಫೋನಿನಲ್ಲಿ, ಎಣ್ಮಕಜೆಯ ಗುಡ್ಡದ ಮರೆಯ ಸಿಗ್ನಲ್‌ನಲ್ಲಿ ಓಡುತ್ತದೆಂದು ನಂಬಬಾರದು.

2018ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳ ಟಾರ್ಗೆಟ್ ಕನಿಷ್ಠ 26 ಇರಬೇಕೆಂದು ಪ್ಲೇ ಸ್ಟೋರ್ ಹೇಳಿತು. ಮಿನ್ ಏರಿಸಿ ಎಂದು ಅದು ಹೇಳಲಿಲ್ಲ. ಆದರೆ ಆ್ಯಪ್ ನೆಚ್ಚಿಕೊಂಡ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳು, ಒಂದೊಂದಾಗಿ ತಮ್ಮ ಮಿನ್ ಏರಿಸುತ್ತ ಹೋದವು. ಒಂದು ಲೈಬ್ರರಿ ಏರಿದರೆ ಆ್ಯಪ್ ಕೂಡ ಏರಬೇಕು, ಇಲ್ಲವೇ ಹಳೆ ಲೈಬ್ರರಿಯನ್ನೇ ಕಟ್ಟಿಕೊಂಡಿರಬೇಕು. ಫೋನನ್ನು ಹೊರಗೆ ಹಾಕೋಣವೆಂದು ಯಾರೂ ತೀರ್ಮಾನಿಸದೆಯೇ ಅದು ಹೊರಗೆ ಬಿದ್ದಿರುತ್ತದೆ.

ಕೆಲವು ಸಲ ಆ್ಯಪ್ ತೆರೆಯುತ್ತದೆ, ಅಡಿಕೆ ಧಾರಣೆ ಮಾತ್ರ ಬರುವುದಿಲ್ಲ. ಮಾಹಿತಿ ಕಳಿಸುವ ಸರ್ವರ್ ಅಸಲಿಯೇ ಎಂದು ಫೋನು ತನ್ನೊಳಗಿನ ಮೂಲ ಪ್ರಮಾಣಪತ್ರದಿಂದ ಪರೀಕ್ಷಿಸುತ್ತದೆ. ಸರ್ವರ್‌ಗಳಿಗೆ ಪುಕ್ಕಟೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಬಳಸುತ್ತಿದ್ದ ಹಳೆ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು, ಹೊಸದು 7.1.1ಕ್ಕಿಂತ ಹಿಂದಿನ ಆಂಡ್ರಾಯ್ಡ್‌ಗೆ ಗೊತ್ತೇ ಇಲ್ಲ. ಹೊಸದಕ್ಕೆ ಹಳೆಯದರಿಂದ ಹಾಕಿಸಿದ ಒಂದು ಅಡ್ಡ ಸಹಿಯಿಂದ ಮೂರು ವರ್ಷ ದೂಡಿದರು, 2024ಕ್ಕೆ ಅದೂ ತೀರಿತು. ಹೊಸ ಪ್ರಮಾಣಪತ್ರವನ್ನು ಆ್ಯಪ್‌ನೊಳಗೇ ಇಟ್ಟರೆ ಆಗುತ್ತದೆ. ಇಡುವ ಪುರುಸೊತ್ತು ಬೇಕು.

2023ರ ಅಕ್ಟೋಬರ್‌ನಲ್ಲಿ ವಾಟ್ಸ್‌ಆ್ಯಪ್ 5.0ಕ್ಕಿಂತ ಹಳೆಯದನ್ನು ಕೈಬಿಟ್ಟಿತು. ಅದೇ ತಿಂಗಳು ಬಂದ ಆಂಡ್ರಾಯ್ಡ್ 14, ಟಾರ್ಗೆಟ್ 23ಕ್ಕಿಂತ ಕಡಿಮೆ ಇರುವ ಆ್ಯಪ್‌ಗಳ ಇನ್‌ಸ್ಟಾಲ್ ತಡೆಯತೊಡಗಿತು. ಈಗ ಹಳೆ ಫೋನಿಗೆ ಹೊಸ ಆ್ಯಪ್ ಇಲ್ಲ, ಹೊಸ ಫೋನಿಗೆ ಹಳೆ ಆ್ಯಪ್ ಇಲ್ಲ.

ಮಿನ್ ಎಷ್ಟಿಡಬೇಕೆಂದು ತೀರ್ಮಾನಿಸಲು ಹೆಚ್ಚಿನವರು ನೋಡುವುದು ಇಡೀ ಜಗತ್ತಿನ ಶೇಕಡಾವಾರು ಪಟ್ಟಿ. ಆ್ಯಪ್ ಕಟ್ಟುವವರಿಗೆಂದೇ ಪ್ಲೇ ಸ್ಟೋರ್ ಇಟ್ಟಿರುವ ಪ್ಲೇ ಕನ್ಸೋಲ್‌ನಲ್ಲಿ ನಮ್ಮದೇ ಬಳಕೆದಾರರ ಆವೃತ್ತಿವಾರು ಲೆಕ್ಕ ಸಿಗುತ್ತದೆ, ಅದು ವಾಸಿ. ಆದರೆ ಕಳೆದ ಸಲ ಮಿನ್ ಏರಿಸಿದಾಗ ಬಾಗಿಲಲ್ಲೇ ವಾಪಸಾದವರು ಆ ಲೆಕ್ಕದಲ್ಲೂ ಇರುವುದಿಲ್ಲ.