ಚಳಿಗೆ ತುರ್ತು ಚೀಲ: ಮೊದಲು ಬೆನ್ನಿನ ಕೆಳಗೆ ಏನಿದೆ ನೋಡಿ

ಹಿಮ ಬೀಳುವ ಜಾಗಗಳಿಗೆ ಕ್ಯಾಂಪಿಂಗ್ ಹೊರಟವರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡುವುದು ನನ್ನ ಕೆಲಸ. ಹೊರಡುವ ಹಿಂದಿನ ದಿನ ಎಲ್ಲರ ಬ್ಯಾಗನ್ನೂ ಬಿಚ್ಚಿಸಿ ನೋಡುತ್ತೇನೆ. ಸುಮಾರು ಜನರ ಬ್ಯಾಗಿನ ತಳದಲ್ಲಿ ಅಂಗೈಯಗಲದ ಒಂದು ಬೆಳ್ಳಿ ಬಣ್ಣದ ಪೊಟ್ಟಣ ಇರುತ್ತದೆ. ಚಳಿಗೆ ಸಿಕ್ಕಿಬಿದ್ದಾಗ ಬಿಚ್ಚಿ ಒಳಗೆ ತೂರಿಕೊಳ್ಳಲು ಬೆಳ್ಳಿ ಹಾಳೆಯಿಂದ ಮಾಡಿದ ತುರ್ತು ಚೀಲ ಅದು. 'ಎಮರ್ಜೆನ್ಸಿಗೆ ಇದಿದೆಯಲ್ಲ ಸರ್' ಅನ್ನುತ್ತಾರೆ. ಯಾವತ್ತಾದರೂ ಬಿಚ್ಚಿ ನೋಡಿದ್ದೀರಾ ಅಂತ ಕೇಳಿದರೆ ಇಲ್ಲ ಅನ್ನುವವರೇ ಜಾಸ್ತಿ.

ಆ ಬೆಳ್ಳಿ ಹಾಳೆ ಕೆಟ್ಟದ್ದಲ್ಲ. 1964ರಲ್ಲಿ ನಾಸಾ ಬಾಹ್ಯಾಕಾಶದ ಕೆಲಸಕ್ಕೆಂದು ರೂಪಿಸಿದ ವಸ್ತು ಅದು. ತೀರಾ ತೆಳುವಾದ ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ ಲೇಪ, ಅಷ್ಟೇ. ಮೈಯಿಂದ ಹೊರಹೊಮ್ಮುವ ಕಾವನ್ನು ಬಹುಪಾಲು ಮೈಗೇ ತಿರುಗಿಸುತ್ತದೆ. ಗಾಳಿ ತಡೆಯುತ್ತದೆ, ಮಳೆ ತಡೆಯುತ್ತದೆ. ಆದರೆ ಮೈಯ ಕಾವು ಹೊರಟುಹೋಗುವ ದಾರಿ ಇನ್ನೂ ಇವೆ. ತಣ್ಣಗಿರುವ ಯಾವುದನ್ನು ಮುಟ್ಟಿದರೂ ಕಾವು ಅದಕ್ಕೆ ಇಳಿಯುತ್ತದೆ. ಒದ್ದೆ ಆರುವಾಗಲೂ ಕಾವನ್ನು ಎಳೆದುಕೊಂಡೇ ಆರುತ್ತದೆ. ಈ ಎರಡು ದಾರಿಗಳ ಮುಂದೆ ಬರೀ ಹಾಳೆಯ ಆಟ ನಡೆಯುವುದಿಲ್ಲ.

ಇದನ್ನು ನಾನು ಮೈಮೇಲೆ ಹಾಕಿಕೊಂಡೇ ಕಲಿತೆ. ಒಂದು ತರಬೇತಿಯ ರಾತ್ರಿ ಟೆಂಟ್ ಬಿಟ್ಟು, ಮ್ಯಾಟ್ ಇಲ್ಲದೆ, ಜಾಕೆಟ್ ಹಾಕಿಕೊಂಡೇ ಅಂಥ ಒಂದು ಚೀಲದೊಳಗೆ ಮಲಗಿದೆ. ಮೊದಲ ಅರ್ಧ ಗಂಟೆ ಬೆಚ್ಚಗೇ ಇತ್ತು. ಆಮೇಲೆ ಸೊಂಟದ ಮೂಳೆ, ಭುಜ, ಹಿಮ್ಮಡಿ, ಎಲ್ಲೆಲ್ಲಿ ಮೈ ನೆಲಕ್ಕೆ ಒತ್ತಿತ್ತೋ ಅಲ್ಲಲ್ಲೇ ಚಳಿ ಏರತೊಡಗಿತು. ಎದೆ ಬೆಚ್ಚಗೆ, ಬೆನ್ನು ಕಲ್ಲು. ನಡುರಾತ್ರಿ ಫೋಮ್ ಮ್ಯಾಟ್ ಒಂದನ್ನು ಒಳಗೆ ತೂರಿಸಿಕೊಂಡ ಮೇಲೇ ನಿದ್ದೆ ಹತ್ತಿದ್ದು. ಬೆಳಗ್ಗೆ ಎದ್ದರೆ ಚೀಲದ ಒಳಮೈ ತುಂಬಾ ನೀರಿನ ಹನಿ. ಜಾಕೆಟ್ಟಿನ ತೋಳು ಹಿಂಡುವಷ್ಟು ಒದ್ದೆ. ಮಳೆ ಬಂದಿರಲಿಲ್ಲ, ಅದು ನನ್ನದೇ ಬೆವರು ಮತ್ತು ಉಸಿರು.

ಚೀಲ ಶಾಖ ಹುಟ್ಟಿಸುವುದಿಲ್ಲ. ಶಾಖ ಹುಟ್ಟಿಸುವುದು ನಿಮ್ಮ ಮೈ. ಹಾಗಾಗಿ ಕೊಳ್ಳುವಾಗ ಕೇಳಬೇಕಾದ್ದು 'ಇದು ಎಷ್ಟು ಬೆಚ್ಚಗಿಡುತ್ತದೆ' ಅಂತ ಅಲ್ಲ, 'ನನ್ನ ಕಾವು ಯಾವ ಕಡೆಯಿಂದ ಸೋರುತ್ತದೆ' ಅಂತ. ನನ್ನ ಲೆಕ್ಕದಲ್ಲಿ ಮೊದಲ ಜಾಗ ಬೆನ್ನಿನದು. ಒಳಗೆ ಹತ್ತಿ ತುಂಬಿದ ಹಾಗೆ ಮೆತ್ತಗಿರುವ ಚೀಲ ಕೂಡ ಮಲಗಿದ ಕೂಡಲೇ ಕೆಳಗಡೆ ಚಪ್ಪಟೆಯಾಗುತ್ತದೆ. ಬೆಚ್ಚಗಿಡುವುದು ಆ ತುಂಬುವಿಕೆಯೊಳಗೆ ಸಿಕ್ಕಿಬಿದ್ದ ಗಾಳಿ. ಗಾಳಿ ಹೋಯಿತು ಅಂದರೆ ಬೆಚ್ಚಗೂ ಹೋಯಿತು. ಆದ್ದರಿಂದ ಒಳಗೇ ಮ್ಯಾಟ್ ಹಿಡಿಸುವಷ್ಟು ಅಗಲದ ಚೀಲ ತೆಗೆದುಕೊಳ್ಳಿ. ಹೊರಗೆ ಹಾಸಿದ ಮ್ಯಾಟ್ ಇಳಿಜಾರಿನಲ್ಲಿ ಜಾರಿಹೋಗುತ್ತದೆ, ಒಳಗಿದ್ದರೆ ಎಲ್ಲಿಗೂ ಹೋಗುವುದಿಲ್ಲ. ಮ್ಯಾಟ್‌ಗಳಿಗೆ ಆರ್-ವ್ಯಾಲ್ಯೂ ಅನ್ನುವ ಅಂಕಿ ಇರುತ್ತದೆ. ಜಾಸ್ತಿ ಇದ್ದಷ್ಟೂ ನೆಲದ ಚಳಿಗೆ ಜಾಸ್ತಿ ತಡೆ. ಎರಡು ಮ್ಯಾಟ್ ಒಂದರ ಮೇಲೊಂದು ಹಾಕಿದರೆ ಅಂಕಿಗಳನ್ನು ಕೂಡಿಸಿಕೊಳ್ಳಬಹುದು. ಹಿಮದ ಮೇಲಾದರೆ ಒಟ್ಟು 4ಕ್ಕಿಂತ ಕಡಿಮೆ ಇರಬಾರದು ಅಂತ ನಾನು ಹೇಳುತ್ತೇನೆ.

ಇನ್ನು ಎಷ್ಟು ಚಳಿಗೆ ಆಗುತ್ತದೆ ಅಂತ ಪೊಟ್ಟಣದ ಮೇಲೆ ಹಾಕಿರುವ ಮೈನಸ್ ಡಿಗ್ರಿಯ ಅಂಕಿ. ಸ್ಲೀಪಿಂಗ್ ಬ್ಯಾಗ್‌ಗಳಿಗೆ ಐಎಸ್‌ಒ 23537 ಅನ್ನುವ ಮಾನದಂಡ ಇದೆ. ಬಿಸಿ ಮಾಡಿದ ಬೊಂಬೆಯನ್ನು ಒಳಗೆ ಮಲಗಿಸಿ ಅಳೆಯುತ್ತಾರೆ. ಅದರಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಬೇರೆ ಬೇರೆ ಅಂಕಿ ಬರುತ್ತವೆ. ಎಕ್ಸ್‌ಟ್ರೀಮ್ ಅಂದರೆ ಹಾಯಾಗಿ ನಿದ್ದೆ ಮಾಡುವ ಚಳಿಯಲ್ಲ, ಹೇಗೋ 6 ಗಂಟೆ ಜೀವ ಹಿಡಿದುಕೊಳ್ಳಬಹುದಾದ ಚಳಿ. ತುರ್ತು ಚೀಲಗಳಲ್ಲಿ ಎಷ್ಟೋ ಸಲ ಯಾವ ಮಾನದಂಡವನ್ನೂ ಹೇಳದೆ ಒಂದೇ ಒಂದು ಅಂಕಿ ದಪ್ಪಗೆ ಅಚ್ಚಾಗಿರುತ್ತದೆ. ಅದನ್ನು ನಂಬಿ ಜೀವ ಪಣಕ್ಕಿಡಬೇಡಿ. ಕೈಯಲ್ಲಿ ಹಿಡಿದು ತುಂಬುವಿಕೆಯ ದಪ್ಪ ನೋಡಿ, ಅದೇ ವಾಸಿ.

ತುಂಬುವಿಕೆ ಸಿಂಥೆಟಿಕ್ ಇರಲಿ. ಹಕ್ಕಿ ತುಪ್ಪಳದ ಚೀಲ ಹಗುರ, ಒಣಗಿದ್ದಾಗ ಅದಕ್ಕೆ ಸಾಟಿಯಿಲ್ಲ. ಆದರೆ ನೆಂದರೆ ಮುದ್ದೆಯಾಗುತ್ತದೆ, ಮತ್ತೆ ತುರ್ತು ಬರುವುದೇ ಒದ್ದೆಯಾದಾಗ ಅಲ್ವಾ? ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಕಾವನ್ನು ಸಾಗಿಸುತ್ತದೆ. ಅದಕ್ಕೇ ಒಳಗೆ ಹೋಗುವ ಮೊದಲು ಒದ್ದೆ ಬಟ್ಟೆ ಬದಲಿಸಿ. ಎಷ್ಟೇ ಚಳಿಯಿದ್ದರೂ ಮೂಗು, ಬಾಯಿ ಹೊರಗಿರಲಿ. ಸ್ಟವ್ ಮಾತ್ರ ಒಳಗೆ ಹಚ್ಚಲೇಬೇಡಿ. ಅದು ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಎಲ್ಲಕ್ಕಿಂತ ಜಾಸ್ತಿ ಜನ ಮರೆಯುವುದು ಜಿಪ್. ಬರೀ ಬಾಯಿ ತೆರೆದ ಗೋಣಿಯಂಥ ಚೀಲದೊಳಗೆ ಆರೋಗ್ಯವಾಗಿರುವವರು ಕಾಲಿಟ್ಟು ಇಳಿಯಬಹುದು. ಕಾಲು ಮುರಿದುಕೊಂಡು ಬಿದ್ದವರನ್ನು ಅದರೊಳಗೆ ಹಾಕಿ ನೋಡಿ! ಪ್ರತಿ ತರಬೇತಿಯಲ್ಲೂ ಒಬ್ಬರನ್ನು ಗಾಯಾಳು ಅಂತ ಮಲಗಿಸಿ ಇದನ್ನು ಮಾಡಿಸುತ್ತೇನೆ. ಮೂರು ಜನ ಸೇರಿದರೂ ಪರದಾಡುತ್ತಾರೆ. ಪಕ್ಕದ ಉದ್ದಕ್ಕೂ ಬಿಚ್ಚಿಕೊಳ್ಳುವ ಚೀಲವಾದರೆ ಹಾಸಿ, ಮಗ್ಗುಲಾಗಿ ಹೊರಳಿಸಿ, ಮುಚ್ಚಿದರೆ ಆಯಿತು. ಜಿಪ್ಪಿನ ತುದಿಗೆ ದಪ್ಪ ದಾರದ ಕುಣಿಕೆ ಇರಬೇಕು. ಮರಗಟ್ಟಿದ ಬೆರಳಿಗೆ ಸಣ್ಣ ಲೋಹದ ತುಂಡು ಸಿಗುವುದಿಲ್ಲ. ಕೈಗವಸು ಹಾಕಿಕೊಂಡು, ಕತ್ತಲಲ್ಲಿ ಒಮ್ಮೆ ತೆರೆದು ನೋಡಿ. ಆಗದಿದ್ದರೆ ಆ ಚೀಲ ನಿಮಗಲ್ಲ.

ತೀರಾ ತೆಳು ಹಾಳೆಯಲ್ಲಿ ಉಗುರಿನಷ್ಟು ಹರಿದರೂ ಸಾಕು, ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ದಪ್ಪ ಪಾಲಿಥೀನ್‌ನದ್ದು ಸ್ವಲ್ಪ ಭಾರ, ಆದರೆ ತಡೆಯುತ್ತದೆ. ಹೊರಮೈ ಕಿತ್ತಳೆ ಅಥವಾ ಕೆಂಪು ಇದ್ದರೆ ಹುಡುಕಿ ಬರುವವರಿಗೆ ದೂರದಿಂದ ಕಾಣುತ್ತದೆ.

ಬಳಸುವ ಹೊತ್ತೂ ಮುಖ್ಯ. ಮೈಯೊಳಗಿನ ಉಷ್ಣ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಇನ್ನೂ ಇಳಿದು 32ರ ಆಸುಪಾಸಿಗೆ ಬಂದರೆ ನಡುಕವೇ ನಿಲ್ಲತೊಡಗುತ್ತದೆ. ಜೊತೆಯವರು 'ಈಗ ಪರವಾಗಿಲ್ಲ, ನಡುಕ ನಿಂತಿದೆ' ಅಂದುಕೊಳ್ಳುತ್ತಾರೆ. ಮಾತು ತೊದಲುತ್ತಿದೆ, ಹೆಜ್ಜೆ ತಪ್ಪುತ್ತಿದೆ ಅಂದರೆ ಸುಮ್ನೆ ಕಾಯಬೇಡಿ. ನಡುಗುತ್ತಿರುವಾಗಲೇ ಚೀಲದೊಳಗೆ ಕಳಿಸಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಎದೆಯ ಮೇಲೆ, ಕಂಕುಳಲ್ಲಿ ಇಡಿ. ಬರಿ ಮೈಗೆ ತಾಗಿಸಬೇಡಿ, ಮರಗಟ್ಟಿದ ಚರ್ಮಕ್ಕೆ ಸುಡುವುದು ಗೊತ್ತಾಗುವುದಿಲ್ಲ.

ಮತ್ತೆ ಆ ಪೊಟ್ಟಣವನ್ನು ಬ್ಯಾಗಿನ ತಳದಲ್ಲಿ ಇಡಬೇಡಿ. ಗಾಳಿ ಬೀಸುತ್ತಿರುವಾಗ ಒಣಬಟ್ಟೆಯನ್ನೆಲ್ಲ ಹಿಮದ ಮೇಲೆ ಹರವಿ ಅದನ್ನು ಹುಡುಕಬೇಕಾಗುತ್ತದೆ. ಮೇಲಿನ ಜೇಬಿನಲ್ಲಿಡಿ, ಪಕ್ಕದಲ್ಲೇ ಒಂದು ಸೀಟಿ ಇರಲಿ. ಅದು ಎಲ್ಲಿದೆ ಅಂತ ಜೊತೆಯವರಿಗೂ ತೋರಿಸಿಡಿ.