ಯಾರಿಗೂ ಗೊತ್ತಿಲ್ಲದ ಉತ್ತರ ಎಲ್ಲರಿಗೂ ಸಿಗುವುದು ಹೇಗೆ?

ಆನ್‌ಲೈನ್‌ನಲ್ಲಿ ವಿದ್ಯಾರ್ಥಿಗಳು ಗುಂಪು ಕಟ್ಟಿದರೆ ಒಬ್ಬ ಬರೆಯುತ್ತಾನೆ, ಉಳಿದವರು ನಕಲು ಹೊಡೆಯುತ್ತಾರೆ ಅನ್ನುವವರು ಬಹಳ. ಗೊತ್ತಿರುವವನು ಒಬ್ಬ ಇದ್ದರೆ ತಾನೇ ಉಳಿದವರು ಕಲಿಯೋದು ಅನ್ನುವುದು ಅವರ ಲೆಕ್ಕ. ಆ ಲೆಕ್ಕವೇ ತಪ್ಪು.

ಕೊಲೊರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನ ತರಗತಿಯೊಂದರಲ್ಲಿ ಇದನ್ನು ಪರೀಕ್ಷಿಸಿದರು. ವಿದ್ಯಾರ್ಥಿಗಳು ಮೊದಲು ಒಬ್ಬೊಬ್ಬರೇ ಉತ್ತರಿಸಿದರು, ಆಮೇಲೆ ಪಕ್ಕದವರ ಜೊತೆ ಚರ್ಚಿಸಿದರು. ಕೊನೆಗೆ ಅದೇ ತತ್ವದ ಬೇರೆ ಪ್ರಶ್ನೆಗೆ ಮತ್ತೆ ಒಬ್ಬೊಬ್ಬರೇ ಉತ್ತರಿಸಿದರು. ಗುಂಪಿನಲ್ಲಿ ಯಾರಿಗೂ ಸರಿ ಉತ್ತರ ಗೊತ್ತಿಲ್ಲದಿದ್ದರೂ ಚರ್ಚೆಯಿಂದ ತಿಳಿವಳಿಕೆ ಹೆಚ್ಚುತ್ತದೆ ಎಂದು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಎದುರುಬದುರು ಕೂತ ತರಗತಿ, ನಿಜ. ಆದರೆ ಒಳಗಿನ ಕೆಲಸ ಒಂದೇ.

ಹೇಗೆ ಅಂತೀರಾ? ‘ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ’ ಎಂದು ಒಬ್ಬಳು ಬರೆಯುತ್ತಾಳೆ. ತಪ್ಪು. ಇನ್ನೊಬ್ಬ ಕೇಳುತ್ತಾನೆ: ‘ಹಾಗಾದರೆ ಉತ್ತರಾರ್ಧಗೋಳದಲ್ಲಿ ಬೇಸಿಗೆ ಇದ್ದಾಗ ದಕ್ಷಿಣಾರ್ಧಗೋಳದಲ್ಲಿ ಚಳಿಗಾಲ ಯಾಕೆ?’ ಅವನಿಗೂ ಉತ್ತರ ಗೊತ್ತಿಲ್ಲ. ಮೂರನೆಯವಳು ಹುಡುಕಿ ತರುತ್ತಾಳೆ: ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ! ಈಗ ಹಳೆಯ ವಿವರಣೆ ನಿಲ್ಲುವುದಿಲ್ಲ. ಋತುಗಳಿಗೆ ನಿಜವಾದ ಕಾರಣವಾದ ಭೂಮಿಯ ಅಕ್ಷದ 23.4 ಡಿಗ್ರಿ ವಾಲುವಿಕೆಯ ಕಡೆಗೆ ಯಾರಾದರೂ ಬಂದೇ ಬರುತ್ತಾರೆ. ಇಲ್ಲಿ ಕಲಿಸಿದವರು ಯಾರು? ಮೊದಲ ತಪ್ಪನ್ನು ಬರೆದು ಇಡದಿದ್ದರೆ ಏನೂ ಶುರುವಾಗುತ್ತಲೇ ಇರಲಿಲ್ಲ ಅಲ್ವಾ?

ಬರೆದು ಇಡುವುದರಲ್ಲೇ ಆನ್‌ಲೈನ್‌ನ ಬಲ ಇದೆ. ಬಾಯಿಮಾತು ಗಾಳಿಗೆ ಹೋಗುತ್ತದೆ. ಬರಹ ಉಳಿಯುತ್ತದೆ, ಮರುದಿನ ಯಾರೋ ಬಂದು ಅದರ ತೂತು ಹುಡುಕಬಹುದು. ಟೊರಾಂಟೊದ ಶಿಕ್ಷಣ ಸಂಶೋಧಕರಾದ ಮಾರ್ಲೀನ್ ಸ್ಕಾರ್ಡಮಾಲಿಯಾ ಮತ್ತು ಕಾರ್ಲ್ ಬೆರೈಟರ್ ಇದನ್ನು 1980ರ ದಶಕದಲ್ಲೇ ಹಿಡಿದರು. ವರ್ಲ್ಡ್ ವೈಡ್ ವೆಬ್ ಆಗಿನ್ನೂ ಹುಟ್ಟಿರಲಿಲ್ಲ! ಜಾಲದಲ್ಲಿ ಜೋಡಿಸಿದ ಕಂಪ್ಯೂಟರ್‌ಗಳಲ್ಲಿ ಮಕ್ಕಳು ಟಿಪ್ಪಣಿ ಬರೆಯುತ್ತಿದ್ದರು, ಒಬ್ಬರ ಟಿಪ್ಪಣಿಯ ಮೇಲೆ ಇನ್ನೊಬ್ಬರು ಕಟ್ಟುತ್ತಿದ್ದರು. ‘ನನ್ನ ಸಿದ್ಧಾಂತ’, ‘ನನಗೆ ತಿಳಿಯಬೇಕಾದದ್ದು’ ಎಂಬ ಆರಂಭದ ಪದಗಳನ್ನು ತಂತ್ರಾಂಶವೇ ಕೊಡುತ್ತಿತ್ತು. ಸಣ್ಣ ಉಪಾಯ, ಆದರೆ ಅರೆಬೆಂದ ಊಹೆಯನ್ನು ಹೇಳಲು ಇದ್ದ ನಾಚಿಕೆ ಹೋಯಿತು.

ಗುಂಪು ಕಟ್ಟಿದ ಮಾತ್ರಕ್ಕೆ ಇದೆಲ್ಲ ಆಗುವುದಿಲ್ಲ. ಇಂಥ ಚರ್ಚೆಗಳನ್ನು ಅಳೆಯಲು ಶಿಕ್ಷಣ ಸಂಶೋಧಕಿ ಗುಣವರ್ಧನ ಮತ್ತು ಜೊತೆಗಾರರು 1997ರಲ್ಲಿ ಐದು ಹಂತ ಗುರುತಿಸಿದರು. ಅದನ್ನು ಬಳಸಿದ ಎಷ್ಟೋ ಅಧ್ಯಯನಗಳಲ್ಲಿ ಹೆಚ್ಚಿನ ಬರಹ ಮೊದಲ ಹಂತದಲ್ಲೇ, ಅಂದರೆ ಮಾಹಿತಿ ಹಂಚಿಕೊಳ್ಳುವುದರಲ್ಲೇ ನಿಂತಿದೆ. ‘ಸೂಪರ್’, ‘ನಾನೂ ಒಪ್ಪುತ್ತೇನೆ’ ಅಂತ ಬರೆದು ಸುಮ್ನೆ ಹೋಗುವುದು ಸುಲಭ. ವಾರಕ್ಕೆ ಇಷ್ಟು ಪ್ರತಿಕ್ರಿಯೆ ಕಡ್ಡಾಯ ಅಂತ ಅಂಕ ಇಟ್ಟರೆ ಇಂಥವೇ ಜಾಸ್ತಿ ಬರುತ್ತವೆ.