ಪ್ಲೇಟ್‌ಲೆಟ್ ಎಷ್ಟಿದೆ ಅನ್ನೋದಕ್ಕಿಂತ ರಕ್ತ ಎಲ್ಲಿ ಸೋರುತ್ತಿದೆ ನೋಡಿ

ರಾಯಚೂರಿನ ಬಿಸಿಲಲ್ಲಿ ಮೈಮೇಲೆ ಕೆಂಪು ಚುಕ್ಕಿ ಎದ್ದರೆ ಬೆವರುಸಾಲೆ ಅಂತ ಪೌಡರ್ ಹಚ್ಚಿ ಸುಮ್ಮನಾಗುತ್ತೇವೆ. ಎಷ್ಟೋ ಸಲ ಅದು ಸರಿಯೇ. ಆದರೆ ಚುಕ್ಕಿಗೆ ತುರಿಕೆಯಿಲ್ಲ, ಮೊಣಕಾಲ ಕೆಳಗೇ ಜಾಸ್ತಿ ಇವೆ, ಬೆರಳಿಂದ ಒತ್ತಿದರೂ ಬಣ್ಣ ಮಾಸುತ್ತಿಲ್ಲ ಅಂದರೆ ಅದು ಚರ್ಮದಡಿ ಸೋರಿದ ರಕ್ತ. ರಕ್ತ ಪರೀಕ್ಷೆ ಮಾಡಿಸಲೇಬೇಕು.

ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5ರಿಂದ 4.5 ಲಕ್ಷ ಇರುತ್ತವೆ. ಐಟಿಪಿ (ಇಮ್ಯೂನ್ ಥ್ರಾಂಬೊಸೈಟೋಪೀನಿಯಾ) ಅನ್ನೋ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ಅವುಗಳ ಮೇಲೆ ತಿರುಗಿಬೀಳುತ್ತದೆ, ಎಡಪಕ್ಕೆಯಲ್ಲಿರುವ ಗುಲ್ಮ (ಸ್ಪ್ಲೀನ್) ಅವನ್ನು ಹಿಡಿದು ನಾಶಮಾಡುತ್ತದೆ. ನಮ್ಮಲ್ಲಿ ಕೌಂಟ್ ಇಳಿದರೆ ಸಾಕು, ಡೆಂಗಿ ಅಂತ ಪಪ್ಪಾಯಿ ಎಲೆ ರಸ ಶುರು. ಜ್ವರವೇ ಬಂದಿಲ್ಲ ಅಂದಮೇಲೆ ಡೆಂಗಿ ಒಂದನ್ನೇ ಹಿಡಿದುಕೊಂಡು ಕೂರಬಾರದು ಅಲ್ವಾ?

ಸಿಂಧನೂರು ಕಡೆಯ ಹೆಣ್ಣುಮಗಳೊಬ್ಬಳಿಗೆ ಮುಟ್ಟಿನ ರಕ್ತಸ್ರಾವ ನಿಲ್ಲುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ಕಬ್ಬಿಣಾಂಶದ ಗುಳಿಗೆ ನುಂಗಿದ್ದಳು, ಕೌಂಟ್ ಯಾರೂ ನೋಡಿರಲಿಲ್ಲ. ಸೊಂಟನೋವಿಗೆ ಅಂತ ಇಂಜೆಕ್ಷನ್ ಬೇರೆ ಆಗಿತ್ತು. "ಸೂಜಿ ಮಾಡಿದ್ದು ಇಲ್ಲಿ ನೋಡ್ರಿ ಮೇಡಂ, ತೊಡಿತನ ಕಪ್ಪಾಗ್ಯಾದ" ಅಂದಳು. ಬಾಯಿ ತೆರೆಸಿದರೆ ಕೆನ್ನೆಯ ಒಳಗೆ ದ್ರಾಕ್ಷಿ ಬಣ್ಣದ ರಕ್ತದ ಗುಳ್ಳೆಗಳು. ನನಗೆ ಭಯ ಹುಟ್ಟಿಸುವುದು ಇವೇ, ಕಾಲಿನ ಚುಕ್ಕಿಗಳಲ್ಲ. ಬಾಯಿ, ಮೂಗು, ಕರುಳಲ್ಲಿ ರಕ್ತ ಬರತೊಡಗಿದರೆ ಅಪಾಯ ಹೆಚ್ಚು. ಮೆದುಳಲ್ಲಿ ರಕ್ತಸ್ರಾವ ಅಪರೂಪ, ಆದರೆ ಜೀವ ತೆಗೆಯುವುದು ಅದೇ. ಹಿಂದೆಂದೂ ಬರದಂಥ ತಲೆನೋವು, ವಾಂತಿ, ಮಂಪರು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಹಾಗಂತ ಐಟಿಪಿಯಲ್ಲಿ ಕೌಂಟ್ 25,000 ಇದ್ದೂ ಆರಾಮಾಗಿ ಓಡಾಡುವವರಿದ್ದಾರೆ. ಇರುವ ಕೆಲವೇ ಪ್ಲೇಟ್‌ಲೆಟ್ ಹೊಸವು, ದೊಡ್ಡವು, ಚುರುಕಾದವು. ಮನೆಯವರು ಮಾತ್ರ ಬಳ್ಳಾರಿಗೆ ಹೋಗಿಯಾದರೂ ಪ್ಲೇಟ್‌ಲೆಟ್ ತರುತ್ತೇವೆ ಅಂತ ಓಡುತ್ತಾರೆ. ಹಾಕಿದ್ದೆಲ್ಲ ಕೆಲವೇ ಗಂಟೆಗಳಲ್ಲಿ ನಾಶವಾಗುತ್ತದೆ, ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ. ಜೀವಕ್ಕೆ ಕುತ್ತು ತರುವ ರಕ್ತಸ್ರಾವ ಇದ್ದಾಗ ಮಾತ್ರ, ಸ್ಟಿರಾಯ್ಡ್ ಮತ್ತು ಇಮ್ಯುನೊಗ್ಲಾಬ್ಯುಲಿನ್ ಜೊತೆ ಕೊಡುತ್ತೇವೆ. ದೊಡ್ಡವರಲ್ಲಿ ಕೌಂಟ್ 30,000ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಸ್ಟಿರಾಯ್ಡ್‌ನಿಂದ ಶುರುಮಾಡುತ್ತೇವೆ. ಮುಖ ಊದಿಕೊಂಡಿತು ಅಂತ ಅದನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಮಕ್ಕಳಲ್ಲಿ ವೈರಲ್ ಜ್ವರದ ನಂತರ ಬರುವ ಐಟಿಪಿ ಬಹುಪಾಲು ಆರು ತಿಂಗಳೊಳಗೆ ತಾನೇ ಹೋಗುತ್ತದೆ.

ಇನ್ನೊಂದು ಮಾತು, ನೋವಿನ ಗುಳಿಗೆಯದು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಉಳಿದ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸುತ್ತವೆ. ಮೆಡಿಕಲ್ ಶಾಪಿನವರು ಕೊಟ್ಟರೂ ಬೇಡ ಅನ್ನಿ, ಪ್ಯಾರಸಿಟಮಾಲ್ ಕೇಳಿ. ಹಲ್ಲು ಕೀಳಿಸುವುದಿದ್ದರೆ ಕುರ್ಚಿ ಮೇಲೆ ಕೂರುವ ಮೊದಲೇ ಡಾಕ್ಟರಿಗೆ ಹೇಳಿಬಿಡಿ.